ಗಾಳಿ ಅಳೆಯುವ ರೆಕ್ಕೆಯನ್ನು ಕಿತ್ತ ಮೇಲೆ: 1991ರ ಮಿಯಾಟಾದ ಇಸಿಯು ಟ್ಯೂನಿಂಗ್

ಕಾರು 1991ರ ಮಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಎಲ್ಲರೂ ಇದನ್ನು ಮಿಯಾಟಾ ಎಂದೇ ಕರೆಯುತ್ತಾರೆ. 1597 ಸಿಸಿಯ ಬಿ6 ಎಂಜಿನ್, ಎರಡು ಕ್ಯಾಮ್‌ಶಾಫ್ಟ್, 16 ವಾಲ್ವ್, ಕಾರ್ಖಾನೆಯ ಲೆಕ್ಕದಲ್ಲಿ 6500 ಆರ್‌ಪಿಎಂಗೆ 116 ಅಶ್ವಶಕ್ತಿ. ಇಂದಿನ ಸಾಧಾರಣ ಕುಟುಂಬದ ಕಾರು ಕೂಡ ನೇರ ರಸ್ತೆಯಲ್ಲಿ ಇದನ್ನು ಹಿಂದೆ ಹಾಕುತ್ತದೆ. ತಿರುವು ಬಂದಾಗ ಮಾತ್ರ ಮಾತು ಬೇರೆ. ಮಿಷಿಗನ್‌ನ ನನ್ನ ಗ್ಯಾರೇಜಿನಲ್ಲಿರುವ ಈ ಕಾರಿಗೆ ಒಂದು ಹಠಮಾರಿ ಕಾಯಿಲೆ ಇತ್ತು. 2500 ಆರ್‌ಪಿಎಂ ಸುತ್ತಮುತ್ತ ಆಕ್ಸಿಲರೇಟರನ್ನು ಕಾಲುಭಾಗ ಒತ್ತಿದರೆ ಎಂಜಿನ್ ಒಂದು ಕ್ಷಣ ಉಸಿರು ಹಿಡಿಯುತ್ತಿತ್ತು, ಆಮೇಲೆ ದಡಕ್ಕನೆ ಮುನ್ನುಗ್ಗುತ್ತಿತ್ತು. ಪೂರ್ತಿ ಒತ್ತಿದರೆ ಏನೂ ಇಲ್ಲ. ಪ್ಲಗ್, ಕೇಬಲ್, ಫಿಲ್ಟರ್ ಎಲ್ಲ ಬದಲಾದರೂ ಕಾಯಿಲೆ ಹೋಗಲಿಲ್ಲ.

ಮೂಲ ಸಿಕ್ಕಿದ್ದು ಗಾಳಿ ಅಳೆಯುವ ಪೆಟ್ಟಿಗೆಯಲ್ಲಿ. 1.6 ಲೀಟರಿನ ಮಿಯಾಟಾದಲ್ಲಿ ಗಾಳಿಯನ್ನು ಅಳೆಯುವುದು ಒಂದು ಸ್ಪ್ರಿಂಗ್ ಕಟ್ಟಿದ ರೆಕ್ಕೆ. ಒಳಹೋಗುವ ಗಾಳಿ ಅದನ್ನು ತಳ್ಳುತ್ತದೆ, ರೆಕ್ಕೆಯ ತುದಿಯ ಲೋಹದ ಕಡ್ಡಿ ಇಂಗಾಲದ ಪಟ್ಟಿಯ ಮೇಲೆ ಜಾರುತ್ತದೆ, ಪಟ್ಟಿಯಿಂದ ಬರುವ ವೋಲ್ಟೇಜನ್ನು ನೋಡಿ ಇಸಿಯು, ಎಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಪೆಟ್ರೋಲಿನ ಪ್ರಮಾಣ ನಿರ್ಧರಿಸುತ್ತದೆ. ಮೂರು ದಶಕ ಓಡಿದ ಮೇಲೆ ಆ ಪಟ್ಟಿ ಎಲ್ಲೆಡೆ ಸಮನಾಗಿ ಸವೆದಿರುವುದಿಲ್ಲ. ನಿಧಾನವಾಗಿ ಓಡುವಾಗ ಕಡ್ಡಿ ಎಲ್ಲಿ ಹೆಚ್ಚು ಹೊತ್ತು ನಿಂತಿರುತ್ತದೆಯೋ ಅಲ್ಲೇ ಹೆಚ್ಚು ಸವೆತ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿ ಬೆರಳಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದಾಗ ಏರುತ್ತಿದ್ದ ಗೆರೆ ಒಂದು ಜಾಗದಲ್ಲಿ ಕಡಿದು ಕೆಳಗೆ ಬಿದ್ದು ಮತ್ತೆ ಮೇಲೆದ್ದಿತು. ಎಂಜಿನ್ ಉಸಿರು ಹಿಡಿಯುತ್ತಿದ್ದುದು ಅಲ್ಲಿ.

ಹಳೆಯ ಕಾರಿನಿಂದ ಕಿತ್ತ ಇನ್ನೊಂದು ಪೆಟ್ಟಿಗೆ ತಂದು ಹಾಕಬಹುದಿತ್ತು. ಆದರೆ ಅದೂ ಅಷ್ಟೇ ವಯಸ್ಸಿನದು. ಕಾರ್ಖಾನೆಯ ಇಸಿಯುವಿನೊಳಗಿನ ಲೆಕ್ಕವನ್ನು ಲ್ಯಾಪ್‌ಟಾಪ್ ಹಚ್ಚಿ ತಿದ್ದುವ ದಾರಿಯೂ ಇಲ್ಲ. ಯಂತ್ರ ಹಚ್ಚಿ ದೋಷ ಓದುವ ಒಬಿಡಿ-2 ಪದ್ಧತಿ ಅಮೆರಿಕದಲ್ಲಿ ಕಡ್ಡಾಯವಾಗಿದ್ದು 1996ರ ಮಾದರಿಗಳಿಂದ, ಈ ಕಾರಿನಲ್ಲಿ ದೋಷವನ್ನು ತಿಳಿಯಬೇಕೆಂದರೆ ಇಂದಿಗೂ ಮಿನುಗುವ ದೀಪವನ್ನೇ ಎಣಿಸಬೇಕು. ಹಾಗಾಗಿ ರೆಕ್ಕೆ, ಇಸಿಯು ಎರಡನ್ನೂ ತೆಗೆದು ಮೆಗಾಸ್ಕ್ವರ್ಟ್-2 ಹಾಕುವುದೆಂದು ನಿರ್ಧರಿಸಿದೆ. ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬಿಬ್ಬರು ರೂಪಿಸಿದ ಈ ಇಸಿಯುವನ್ನು ಬಿಡಿಭಾಗಗಳಾಗಿಯೇ ಕೊಂಡು ಸ್ವತಃ ಬೆಸುಗೆ ಹಾಕಿಕೊಳ್ಳಬಹುದು. ಸಿದ್ಧ ಪೆಟ್ಟಿಗೆ ಕೊಂಡರೆ ಸಮಯ ಉಳಿಯುತ್ತದೆ ನಿಜ. ಆದರೆ ಯಾವ ತಂತಿ ಯಾವ ಟ್ರಾನ್ಸಿಸ್ಟರಿಗೆ ಹೋಗುತ್ತದೆ ಎಂದು ತಿಳಿದಿದ್ದರೆ ಮುಂದೆ ರೋಗ ಹುಡುಕುವುದು ಅರ್ಧ ಸುಲಭ.

ಕಾನೂನಿನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ರಸ್ತೆಗಿಳಿಯುವ ಕಾರಿನ ಮಾಲಿನ್ಯ ನಿಯಂತ್ರಣ ವ್ಯವಸ್ಥೆಯನ್ನು ಕೆಡಿಸುವುದಕ್ಕೆ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಅವಕಾಶವಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಅನುಮೋದನೆಯ ಸಂಖ್ಯೆ ಇಲ್ಲದ ಇಸಿಯು ಕಂಡರೆ ತಪಾಸಣೆಯಲ್ಲೇ ಅನುತ್ತೀರ್ಣ. ಈ ಮಿಯಾಟಾ ಈಗ ಟ್ರ್ಯಾಕಿಗೆ ಮಾತ್ರ ಮೀಸಲು, ಅಲ್ಲಿಗೂ ಟ್ರೇಲರಿನ ಮೇಲೇ ಹೋಗುತ್ತದೆ.

ಲ್ಯಾಪ್‌ಟಾಪ್ ತೆರೆಯುವ ಮೊದಲು

ಟ್ಯೂನಿಂಗ್ ಎಂದರೆ ಪರದೆಯ ಮೇಲಿನ ಅಂಕಿಗಳನ್ನು ತಿದ್ದುವುದು ಎಂಬ ಭಾವನೆ ಬಹಳ ಮಂದಿಗಿದೆ. ನನ್ನ ಲೆಕ್ಕದಲ್ಲಿ ಅದು ಕೊನೆಯ ಕೆಲಸ. ಇಸಿಯು ಸ್ವತಃ ಏನನ್ನೂ ನೋಡಲಾರದು, ಸೆನ್ಸರ್ ಹೇಳಿದ್ದನ್ನು ನಂಬುವುದಷ್ಟೇ ಅದಕ್ಕೆ ಗೊತ್ತು. ಸೆನ್ಸರ್ ಸುಳ್ಳು ಹೇಳುತ್ತಿರುವಾಗ, ಇಲ್ಲವೇ ಎಂಜಿನ್ನಿನ ಆರೋಗ್ಯವೇ ಕೆಟ್ಟಿರುವಾಗ ಇಂಧನದ ಕೋಷ್ಟಕ ತಿದ್ದುತ್ತ ಕೂರುವುದು ಸೋರುವ ಕೊಡಕ್ಕೆ ನೀರಿನ ಲೆಕ್ಕ ಬರೆದಂತೆ.

1990 ಮತ್ತು 1991ರ ಮಿಯಾಟಾಗಳಲ್ಲಿ ಮೊದಲು ನೋಡಬೇಕಾದದ್ದು ಕ್ರ್ಯಾಂಕ್‌ಶಾಫ್ಟಿನ ಮೂತಿ. ಆರಂಭದ ಎಂಜಿನ್‌ಗಳಲ್ಲಿ ಅದು ಗಿಡ್ಡ. ಮುಂದಿನ ಬೋಲ್ಟು ಸಡಿಲವಾದರೆ ಪುಲ್ಲಿಯನ್ನು ಹಿಡಿದಿರುವ ಚಿಕ್ಕ ಕೀಲಿ ತಾನು ಕೂತಿರುವ ತೋಡನ್ನೇ ಅಗಲಿಸಿಕೊಳ್ಳುತ್ತದೆ, ಆಗ ಕ್ಯಾಮ್ ಮತ್ತು ಕ್ರ್ಯಾಂಕ್ ನಡುವಿನ ಹೊಂದಾಣಿಕೆ ಜಾರತೊಡಗುತ್ತದೆ. ಅಂಥ ಎಂಜಿನ್ನಿನಲ್ಲಿ ಇಂದು ಸರಿಪಡಿಸಿದ ಕಿಡಿಯ ಸಮಯ ನಾಳೆ ಸರಿಯಿರುವುದಿಲ್ಲ. ಗುರುತಿಸುವುದು ಸುಲಭ: ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ನನ್ನದರಲ್ಲಿ ಎಂಟು ಕಂಡಾಗ ನಿರಾಳವಾಯಿತು.

ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರುಗಳ ಅಂಕಿ ಹತ್ತಿರ ಹತ್ತಿರ ಬಂದವು. ಹೊಗೆ ಹಾಯಿಸುವ ಯಂತ್ರ ಹಚ್ಚಿದಾಗ ಮಾತ್ರ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ, ಕೈ ಹೋಗದ ಕಡೆ, ಒಂದು ರಬ್ಬರ್ ಕೊಳವೆಯ ಬಿರುಕಿನಿಂದ ಹೊಗೆ ಎದ್ದಿತು. ರೆಕ್ಕೆಯ ಪದ್ಧತಿಯಲ್ಲಿ ಇಂಥ ಸೋರಿಕೆ ಎಂದರೆ ಲೆಕ್ಕಕ್ಕೆ ಸಿಗದ ಗಾಳಿ. ಒತ್ತಡ ನೋಡಿ ಲೆಕ್ಕ ಹಾಕುವ ಹೊಸ ಪದ್ಧತಿಯಲ್ಲಿ ಅದು ಲೆಕ್ಕಕ್ಕೆ ಸಿಗುತ್ತದೆ, ಆದರೆ ಐಡಲಿಂಗ್ (ಕಾರು ನಿಂತಿರುವಾಗಿನ ಎಂಜಿನ್ನಿನ ಓಟ) ಎಂದೂ ಹತೋಟಿಗೆ ಬರುವುದಿಲ್ಲ. ಕೊಳವೆ ಬದಲಾಯಿತು. ರೆಗ್ಯುಲೇಟರಿನ ವ್ಯಾಕ್ಯೂಮ್ ಕೊಳವೆ ಬಿಚ್ಚಿ ಇಂಧನದ ಒತ್ತಡ ನೋಡಿದೆ, 3 ಬಾರ್ ಆಸುಪಾಸಿನಲ್ಲಿ ಅಲುಗದೆ ನಿಂತಿತು. ಇಂಜೆಕ್ಟರುಗಳನ್ನು ತೊಳೆಸಿ ಹರಿವು ಅಳೆಸಿದಾಗ ನಾಲ್ಕೂ ನಿಮಿಷಕ್ಕೆ 210 ಸಿಸಿಯ ಹತ್ತಿರ. ಈ ಅಂಕಿ ಮುಂದೆ ಬೇಕಾಗುತ್ತದೆ.

ತಂತಿಗಳ ಕೆಲಸ

ಕಾರ್ಖಾನೆಯ ಇಸಿಯು ಇರುವುದು ಪ್ರಯಾಣಿಕನ ಪಾದದ ಬಳಿ, ಕಾರ್ಪೆಟ್ಟಿನ ಕೆಳಗೆ. ಮೂಲ ಹಾರ್ನೆಸ್ (ತಂತಿಗಳ ಕಟ್ಟು) ಕತ್ತರಿಸಲು ನನಗೆ ಮನಸ್ಸಿಲ್ಲದ್ದರಿಂದ ಹಾಳಾದ ಇನ್ನೊಂದು ಇಸಿಯುವಿನ ಸಾಕೆಟ್ ಕಿತ್ತು ನಡುವೆ ಜೋಡಣೆಯ ತುಂಡೊಂದನ್ನು ಮಾಡಿಕೊಂಡೆ. ಬೇಡವೆಂದಾಗ ಹಳೆಯದನ್ನು ಮತ್ತೆ ಸಿಕ್ಕಿಸಬಹುದು.

ರೆಕ್ಕೆಯ ಪೆಟ್ಟಿಗೆಯನ್ನು ತೆಗೆದರೆ ಅದರ ಜೊತೆಗೇ ಇನ್ನೆರಡು ವಸ್ತುಗಳು ಹೋಗುತ್ತವೆ. ಒಳಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಇರುವುದು ಅದರೊಳಗೆ. ಪೆಟ್ರೋಲ್ ಪಂಪಿನ ಸ್ವಿಚ್ಚೂ ಅದರೊಳಗೇ! ರೆಕ್ಕೆ ತೆರೆದರೆ, ಎಂದರೆ ಎಂಜಿನ್ ಗಾಳಿ ಎಳೆಯುತ್ತಿದ್ದರೆ ಮಾತ್ರ ಪಂಪು ಓಡಬೇಕು, ಅಪಘಾತದಲ್ಲಿ ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು ಎಂಬ ಜಾಣ ಏರ್ಪಾಡು ಅದು. ಪೆಟ್ಟಿಗೆ ಕಿತ್ತು ಹೊಸ ಇಸಿಯು ಕೂರಿಸಿ ಸ್ಟಾರ್ಟ್ ಆಗುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವವರು ಮೊದಲು ಪಂಪಿನ ಸದ್ದು ಕೇಳುತ್ತಿದೆಯೇ ಎಂದು ನೋಡಬೇಕು. ಪಂಪಿನ ರಿಲೇಯನ್ನು ನೆಲಕ್ಕೆ (ಅರ್ತ್) ಸೇರಿಸುವ ತಂತಿಯನ್ನು ಮೆಗಾಸ್ಕ್ವರ್ಟಿನ ಹತೋಟಿಗೆ ಕೊಟ್ಟೆ. ಎಂಜಿನ್ ತಿರುಗುವ ಸಂಕೇತ ನಿಂತರೆ ಅದು ಪಂಪನ್ನು ನಿಲ್ಲಿಸುತ್ತದೆ, ಸುರಕ್ಷತೆಯೂ ಉಳಿಯಿತು.

ಮ್ಯಾನ್ಯುವಲ್ ಗೇರಿನ 1.6ರಲ್ಲಿ ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರ್ ಇಲ್ಲ. ಪೂರ್ತಿ ಮುಚ್ಚಿದೆ, ಪೂರ್ತಿ ತೆರೆದಿದೆ ಎಂದಷ್ಟೇ ಹೇಳುವ ಸ್ವಿಚ್ ಇದೆ. ಆಟೊಮ್ಯಾಟಿಕ್ ಗೇರಿನ ಮಿಯಾಟಾದಲ್ಲಿ ನಿಜವಾದ ಸೆನ್ಸರ್ ಇತ್ತು, ಕಿಯಾ ಸೆಫಿಯಾ ಕಾರಿನದೂ ಹೊಂದುತ್ತದೆ. ಗುಜರಿ ಅಂಗಳದಲ್ಲಿ ಸೆಫಿಯಾ ಹುಡುಕುವುದೇ ಒಂದು ಸಾಹಸ. ಆ ಕಾರನ್ನು ನೆನಪಿಟ್ಟುಕೊಂಡವರೇ ಈಗ ಕಡಿಮೆ.

ಎಂಜಿನ್ನಿನ ಸ್ಥಾನ ಹೇಳುವುದು ಹೆಡ್ಡಿನ ಹಿಂಭಾಗದಲ್ಲಿ ಕೂತಿರುವ ಕ್ಯಾಮ್ ಕೋನದ ಸೆನ್ಸರ್. ಒಳಗೊಂದು ತೂತುಗಳ ತಟ್ಟೆ, ಬೆಳಕು ಅದರ ಮೂಲಕ ಹಾಯುತ್ತದೆ. ಮಿತ್ಸುಬಿಷಿಯ 4ಜಿ63 ಎಂಜಿನ್ನಿನಲ್ಲಿಯೂ ಇದೇ ಬಗೆಯ ಸಂಕೇತ ಇರುವುದರಿಂದ ಮೆಗಾಸ್ಕ್ವರ್ಟಿನ ಆಯ್ಕೆಗಳಲ್ಲಿ ಮಿಯಾಟಾ ಎಂದು ಹುಡುಕಬಾರದು, 4ಜಿ63 ಎಂದು ಆರಿಸಬೇಕು. ಸೆನ್ಸರಿನ ಎರಡೂ ತಂತಿಗಳು ಸ್ವತಃ ವೋಲ್ಟೇಜ್ ಕೊಡುವುದಿಲ್ಲ, ನೆಲಕ್ಕೆ ಎಳೆಯುತ್ತವೆ ಅಷ್ಟೆ. ಆದ್ದರಿಂದ ಇಸಿಯುವಿನ ಒಳಗೆ 5 ವೋಲ್ಟಿಗೆ ರೆಸಿಸ್ಟರ್ ಕಟ್ಟಿ ಅವನ್ನು ಮೇಲಕ್ಕೆ ಹಿಡಿದಿಡಬೇಕು.

ಒಳಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರಿಗೆ ಹೋಗುವ ಕೊಳವೆಯನ್ನು ಮ್ಯಾನಿಫೋಲ್ಡಿನ ಸಾಮಾನ್ಯ ಕೋಣೆಯಿಂದ ತೆಗೆದುಕೊಂಡೆ. ಒಂದೇ ಸಿಲಿಂಡರಿನ ದಾರಿಯಿಂದ ತೆಗೆದರೆ ಒತ್ತಡ ಕುಣಿಯುತ್ತದೆ. ಇಂಧನ ರೆಗ್ಯುಲೇಟರಿನ ಕೊಳವೆಗೆ ಕವಲು ಹಾಕುವುದೂ ಬೇಡ.

ಸೆನ್ಸರುಗಳ ಸತ್ಯಪರೀಕ್ಷೆ

ಎಂಜಿನ್ ನಿಂತಿರುವಾಗ ಕೀಲಿ ತಿರುಗಿಸಿದರೆ ಎಂಎಪಿ ಸೆನ್ಸರ್ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಇಲ್ಲಿ 98 ಕಿಲೋಪ್ಯಾಸ್ಕಲ್ ಸುತ್ತಮುತ್ತ ಬಂತು, ಹವಾಮಾನ ವರದಿಗೆ ಸರಿಹೊಂದಿತು. ಇದೇ ಪೆಟ್ಟಿಗೆಯನ್ನು ಬೆಂಗಳೂರಿನಲ್ಲಿ ತೆರೆದರೆ, ಊರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, 91ರ ಹತ್ತಿರ ಕಾಣಬೇಕು. ಮಂಗಳೂರಿನಲ್ಲಿ 101. ಇಷ್ಟು ಅಂತರವಿರುವ ಕಡೆ ವಾಯುಭಾರದ ತಿದ್ದುಪಡಿ ಇಲ್ಲದ ಟ್ಯೂನ್ ಘಟ್ಟ ಹತ್ತಿದ ಕೂಡಲೇ ಹದ ತಪ್ಪುತ್ತದೆ.

ಶೀತಕದ ಉಷ್ಣತೆಯ ಸೆನ್ಸರನ್ನು ಮಂಜುಗಡ್ಡೆಯ ನೀರು, ಕೋಣೆಯ ನೀರು, ಬಿಸಿನೀರು ಮೂರರಲ್ಲೂ ಅದ್ದಿ ಅಳೆದೆ. ಮಜ್ದಾ ಕೈಪಿಡಿಯ ಪ್ರಕಾರ 20 ಡಿಗ್ರಿಯಲ್ಲಿ 2.2ರಿಂದ 2.7 ಕಿಲೋಓಮ್, 80 ಡಿಗ್ರಿಯಲ್ಲಿ 0.29ರಿಂದ 0.35. ಎರಡೂ ಆ ಮಿತಿಯೊಳಗೇ ಬಂದವು. ಗಾಳಿಯ ಉಷ್ಣತೆಗೆ ಜನರಲ್ ಮೋಟಾರ್ಸ್‌ನ ತೆರೆದ ತುದಿಯ ಸೆನ್ಸರ್ ಹಾಕಿದೆ, ಅದರ ವಕ್ರರೇಖೆ ತಂತ್ರಾಂಶದಲ್ಲಿ ಮೊದಲೇ ಇದೆ.

ಅತಿ ಹೆಚ್ಚು ಸಮಯ ತಿಂದದ್ದು ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್. ಕಾರ್ಖಾನೆಯ ಹಳೆಯ ಸೆನ್ಸರ್ ಮಿಶ್ರಣ ದಟ್ಟವೋ (ಪೆಟ್ರೋಲ್ ಹೆಚ್ಚೋ) ತೆಳುವೋ (ಕಡಿಮೆಯೋ) ಎಂದು ಹೇಳುತ್ತದೆಯೇ ಹೊರತು ಎಷ್ಟು ಎಂದು ಹೇಳುವುದಿಲ್ಲ. ವೈಡ್‌ಬ್ಯಾಂಡ್ ಎಷ್ಟು ಎಂದೂ ಹೇಳುತ್ತದೆ. ಬಾಷ್ ಎಲ್‌ಎಸ್‌ಯು 4.9 ಸೆನ್ಸರನ್ನು ಹೊಗೆ ಕೊಳವೆಯಲ್ಲಿ ಸ್ವಲ್ಪ ಮೇಲ್ಮುಖವಾಗಿ ಓರೆ ಕೂರಿಸಿದೆ. ಅಡ್ಡ ಮಲಗಿಸಿದರೆ ತಣ್ಣನೆಯ ಕೊಳವೆಯಲ್ಲಿ ಕೂಡುವ ನೀರು ಅದರ ಬಿಸಿ ಪಿಂಗಾಣಿಯನ್ನು ಸೀಳುತ್ತದೆ. ಅದರ ನಿಯಂತ್ರಕ 0ಯಿಂದ 5 ವೋಲ್ಟ್ ಸಂಕೇತ ಕೊಡುತ್ತದೆ: 0 ಎಂದರೆ 7.35 ಗಾಳಿ-ಇಂಧನ ಅನುಪಾತ, 5 ಎಂದರೆ 22.39. ಲೆಕ್ಕ ಹಾಕಿದರೆ 0.1 ವೋಲ್ಟಿಗೆ 0.3ರಷ್ಟು ಅನುಪಾತ. ವೈಡ್‌ಬ್ಯಾಂಡಿನ ಗೇಜಿನಲ್ಲಿ 14.1 ಇರುವಾಗ ಲ್ಯಾಪ್‌ಟಾಪಿನಲ್ಲಿ 14.4 ಕಾಣುತ್ತಿತ್ತು. ತಂತ್ರಾಂಶದಲ್ಲಿ ಒಂದು ತಿದ್ದುಪಡಿ ಹಾಕಿ ಮುಂದೆ ಹೋಗಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಯಂತ್ರಕದ ನೆಲದ ತಂತಿಗೂ ಇಸಿಯುವಿನ ನೆಲಕ್ಕೂ ನಡುವೆ ಮಲ್ಟಿಮೀಟರ್ ಹಿಡಿದಾಗ ಸರಿಯಾಗಿ 0.1 ವೋಲ್ಟ್ ವ್ಯತ್ಯಾಸ ಸಿಕ್ಕಿತು. ಸೆನ್ಸರಿನ ಹೀಟರು ಎಳೆಯುವ ಕರೆಂಟು ಅದೇ ತಂತಿಯಲ್ಲಿ ವಾಪಸು ಹೋಗುತ್ತಿತ್ತು. ಹೀಟರು ಏರಿಳಿದಂತೆ ಈ ವ್ಯತ್ಯಾಸವೂ ಏರಿಳಿಯುತ್ತದೆ, ಆದ್ದರಿಂದ ಸ್ಥಿರವಾದ ತಿದ್ದುಪಡಿ ಇದಕ್ಕೆ ಮದ್ದಲ್ಲ. ನೆಲದ ತಂತಿಗಳನ್ನೆಲ್ಲ ಎಂಜಿನ್ನಿನ ಒಂದೇ ಬೋಲ್ಟಿಗೆ ತಂದ ಮೇಲೆ ಗೇಜು, ಲ್ಯಾಪ್‌ಟಾಪ್ ಎರಡೂ ಒಂದೇ ಮಾತಾಡಿದವು.

ಕಿಡಿಯ ವಿಷಯದಲ್ಲಿ ಆತುರ ಸಲ್ಲದು. ಇಗ್ನೈಟರಿಗೆ ಹೋಗುವ ಸಂಕೇತದ ದಿಕ್ಕು ತಲೆಕೆಳಗಾದರೆ ಕಿಡಿ ಹುಟ್ಟಿಸುವ ಕಾಯಿಲ್‌ಗಳು ಸುಮ್ಮನಿರಬೇಕಾದ ಹೊತ್ತಿನಲ್ಲಿ ಚಾರ್ಜ್ ಆಗುತ್ತ ಕೂತು ಬೆಂದುಹೋಗುತ್ತವೆ. ಕಾಯಿಲ್‌ಗಳ ಪ್ಲಗ್ ಬಿಚ್ಚಿಟ್ಟು, ಸ್ಟಾರ್ಟರ್ ತಿರುಗಿಸಿ, ಆಸಿಲೋಸ್ಕೋಪಿನಲ್ಲಿ ಸಂಕೇತ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಅವನ್ನು ಜೋಡಿಸಿದ್ದು. ಆಮೇಲೆ ತಂತ್ರಾಂಶದಲ್ಲಿ ಕಿಡಿಯನ್ನು ಪಿಸ್ಟನ್ ಮೇಲ್ತುದಿ ಮುಟ್ಟುವ 10 ಡಿಗ್ರಿ ಮೊದಲಿಗೆ ಕಟ್ಟಿಹಾಕಿ, ಪುಲ್ಲಿಯ ಗುರುತಿಗೆ ಬಿಳಿ ಬಣ್ಣ ಹಚ್ಚಿ ಟೈಮಿಂಗ್ ಲೈಟ್ ಬಿಟ್ಟು ನೋಡಿದೆ. ಪರದೆಯ 10 ಪುಲ್ಲಿಯ ಮೇಲೂ 10 ಆಗುವವರೆಗೆ ಆಫ್‌ಸೆಟ್ ತಿದ್ದಬೇಕು. ಇದನ್ನು ಮಾಡದೆ ಕಿಡಿಯ ಕೋಷ್ಟಕ ತುಂಬಿಸುವವರ ಧೈರ್ಯ ನನಗಿಲ್ಲ.

ಮೊದಲ ಐಡಲಿಂಗ್

ಮೂಲ ಲೆಕ್ಕ ಕಾಗದದ ಮೇಲೆ ಹೀಗೆ. ಒಂದು ಸಿಲಿಂಡರ್ ಸುಮಾರು 399 ಸಿಸಿ. ಪೂರ್ತಿ ತುಂಬಿದರೆ ಅದರಲ್ಲಿ ಅರ್ಧ ಗ್ರಾಮಿಗಿಂತ ತುಸು ಕಡಿಮೆ ಗಾಳಿ. ಅದಕ್ಕೆ 14.7ರಲ್ಲೊಂದು ಪಾಲು ಪೆಟ್ರೋಲ್. ನಿಮಿಷಕ್ಕೆ 210 ಸಿಸಿ ಹರಿಸುವ ಇಂಜೆಕ್ಟರ್ ಅಷ್ಟನ್ನು ಕೊಡಲು ಹನ್ನೆರಡೂವರೆ ಮಿಲಿಸೆಕೆಂಡ್ ತೆರೆದಿರಬೇಕು. 7000 ಆರ್‌ಪಿಎಂನಲ್ಲಿ ಎರಡು ಸುತ್ತಿಗೆ ಸಿಗುವ ಒಟ್ಟು ಸಮಯವೇ 17 ಮಿಲಿಸೆಕೆಂಡ್. ಪೂರ್ತಿ ಥ್ರಾಟಲಿನಲ್ಲಿ ಮಿಶ್ರಣವನ್ನು ದಟ್ಟ ಮಾಡಿದರೂ ಅಷ್ಟರೊಳಗೆ ಮುಗಿಯುತ್ತದೆ, ಆದರೆ ಟರ್ಬೊ ಹಾಕುವ ಕನಸು ಕಾಣುವಷ್ಟು ಮಿಗುವುದಿಲ್ಲ.

ಇಂಜೆಕ್ಟರಿಗೆ ಕರೆಂಟು ಕೊಟ್ಟ ಕ್ಷಣವೇ ಪೆಟ್ರೋಲ್ ಬರುವುದಿಲ್ಲ. ಒಳಗಿನ ಸೂಜಿ ಏಳಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು, ಬ್ಯಾಟರಿಯ ವೋಲ್ಟೇಜ್ ಇಳಿದರೆ ಇನ್ನೂ ಹೆಚ್ಚು. ಪೂರ್ತಿ ವೇಗದಲ್ಲಿ ಈ ಸತ್ತ ಸಮಯ ಗಣನೆಗೆ ಬಾರದು. ಐಡಲಿಂಗ್‌ನಲ್ಲಿ ಇಂಜೆಕ್ಟರ್ ತೆರೆಯುವುದೇ ಎರಡು ಮೂರು ಮಿಲಿಸೆಕೆಂಡ್ ಆದ್ದರಿಂದ ಅಲ್ಲಿ ಇದೇ ಸರ್ವಸ್ವ. ಇದನ್ನು ಪರೀಕ್ಷಿಸಲು ಮಿಯಾಟಾದಲ್ಲೇ ಒಂದು ಸಾಧನವಿದೆ: ಎದ್ದು ಮಲಗುವ ಹೆಡ್‌ಲೈಟುಗಳು. ದೀಪ ಹಾಕಿದ ತಕ್ಷಣ ಅವನ್ನು ಎತ್ತುವ ಮೋಟಾರುಗಳು ವೋಲ್ಟೇಜನ್ನು ಎಳೆದು ಕೆಳಗಿಳಿಸುತ್ತವೆ. ಆಗ ಮಿಶ್ರಣ ತೆಳುವಾದರೆ ವೋಲ್ಟೇಜ್ ತಿದ್ದುಪಡಿ ಸಾಲದು, ದಟ್ಟವಾದರೆ ಅತಿಯಾಗಿದೆ. ದೀಪ ಎತ್ತುವುದು, ಇಳಿಸುವುದು, ಅಂಕಿ ತಿದ್ದುವುದು ಹೀಗೆ ಒಂದು ಸಂಜೆ ಕಳೆಯಿತು. ಬೀದಿಯಲ್ಲಿ ಹೋಗುವವರಿಗೆ ಕಾರು ಕಣ್ಣು ಮಿಟುಕಿಸುತ್ತಿರುವುದಷ್ಟೇ ಕಂಡಿರಬೇಕು.

850 ಆರ್‌ಪಿಎಂನಲ್ಲಿ ಮ್ಯಾನಿಫೋಲ್ಡಿನ ಒತ್ತಡ 35 ಕಿಲೋಪ್ಯಾಸ್ಕಲ್ ಹತ್ತಿರ ನಿಂತಿತು. ಐಡಲಿಂಗ್ ಗಟ್ಟಿಯಾಗಲು ಗಾಳಿಯ ವಾಲ್ವಿಗಿಂತ ಕಿಡಿಯೇ ಚುರುಕು. ವೇಗ ಇಳಿದಾಗ ಕಿಡಿಯನ್ನು ಎರಡು ಮೂರು ಡಿಗ್ರಿ ಬೇಗ ಕೊಟ್ಟರೆ ಎಂಜಿನ್ ತಾನಾಗಿ ಚೇತರಿಸಿಕೊಳ್ಳುತ್ತದೆ, ಏರಿದಾಗ ಹಿಂದೆಳೆದು ತಡವಾಗಿ ಕೊಟ್ಟರೆ ಶಾಂತವಾಗುತ್ತದೆ.

ವಿಇ ಕೋಷ್ಟಕ

ಒಂದು ಬದಿಗೆ ಆರ್‌ಪಿಎಂ, ಇನ್ನೊಂದು ಬದಿಗೆ ಒತ್ತಡ, ನಡುವೆ 16ಕ್ಕೆ 16 ಮನೆಗಳು. ಪ್ರತಿ ಮನೆಯಲ್ಲೂ ಆ ಸ್ಥಿತಿಯಲ್ಲಿ ಸಿಲಿಂಡರ್ ಶೇಕಡಾ ಎಷ್ಟು ತುಂಬುತ್ತದೆ ಎಂಬ ಅಂಕಿ, ಅದೇ ವಿಇ. ಟ್ಯೂನರ್‌ಸ್ಟುಡಿಯೊ ತಂತ್ರಾಂಶದಲ್ಲಿ ಇದನ್ನು ತಾನೇ ತಿದ್ದಿಕೊಳ್ಳುವ ಸೌಲಭ್ಯವಿದೆ: ವೈಡ್‌ಬ್ಯಾಂಡ್ ಹೇಳಿದ್ದನ್ನು ಗುರಿಯೊಂದಿಗೆ ಹೋಲಿಸಿ ಮನೆಯ ಅಂಕಿಯನ್ನು ಏರಿಸುತ್ತದೆ, ಇಳಿಸುತ್ತದೆ. ಉಪಯುಕ್ತ ಕೂಲಿಯಾಳು, ಆದರೆ ವಿವೇಕವಿಲ್ಲದ್ದು. ಈಗ ಸುಟ್ಟ ಮಿಶ್ರಣದ ಹೊಗೆ ಸೆನ್ಸರಿಗೆ ತಲುಪಲು ತುಸು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಎಂಜಿನ್ ಮುಂದಿನ ಮನೆಗೆ ಹೋಗಿದ್ದರೆ ಒಂದರ ತಪ್ಪನ್ನು ಇನ್ನೊಂದಕ್ಕೆ ಬರೆಯುತ್ತದೆ. ಆಕ್ಸಿಲರೇಟರ್ ಒತ್ತಿದಾಗಿನ ಹೆಚ್ಚುವರಿ ಇಂಧನವನ್ನೂ, ಬಿಟ್ಟಾಗಿನ ತೆಳು ಗಾಳಿಯನ್ನೂ ಸೋಸದೆ ಬಿಟ್ಟರೆ ಕೋಷ್ಟಕ ಹಲ್ಲುಹಲ್ಲಾಗುತ್ತದೆ. ನಾನು ಅದನ್ನು ಓಡಿಸಿ ಬಂದು, ಮೂರು ಆಯಾಮದ ಚಿತ್ರ ನೋಡಿ ಕೈಯಿಂದ ನಯಗೊಳಿಸುತ್ತಿದ್ದೆ. ಎಂಜಿನ್ನಿನ ಉಸಿರಾಟದಲ್ಲಿ ಹಠಾತ್ ಗುಡ್ಡಗಳಿರುವುದಿಲ್ಲ. ಚಿತ್ರದಲ್ಲಿ ಒಂಟಿ ಗುಡ್ಡ ಕಂಡರೆ ಅದು ಅಳತೆಯ ದೋಷ.

ಗುರಿ ಇಡುವಾಗ ಗಾಳಿ-ಇಂಧನ ಅನುಪಾತಕ್ಕಿಂತ ಲ್ಯಾಮ್ಡಾದಲ್ಲಿ ಯೋಚಿಸುವುದು ಲೇಸು. ಆ ಇಂಧನ ಪೂರ್ತಿ ಸುಡಲು ಬೇಕಾದಷ್ಟೇ ಗಾಳಿ ಇದ್ದರೆ ಲ್ಯಾಮ್ಡಾ 1, ಕಡಿಮೆಯಾದರೆ ಮಿಶ್ರಣ ದಟ್ಟ, ಹೆಚ್ಚಾದರೆ ತೆಳು. 14.7 ಎಂಬುದು ಎಥನಾಲ್ ಇಲ್ಲದ ಪೆಟ್ರೋಲಿನ ಅಂಕಿ. ಇಲ್ಲಿನ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 10 ಎಥನಾಲ್ ಬೆರೆತದ್ದು, ಅದಕ್ಕೆ 14.1. ಭಾರತದಲ್ಲಿ ಈಗ ಹರಡಿರುವ ಇ20ಗೆ 13.5ರ ಹತ್ತಿರ. ಸೆನ್ಸರ್ ಅಳೆಯುವುದು ಉಳಿದ ಆಮ್ಲಜನಕವನ್ನು, ಎಂದರೆ ಲ್ಯಾಮ್ಡಾವನ್ನೇ. ಅಂಕಿಯನ್ನು 14.7ರಿಂದ ಗುಣಿಸಿ ತೋರಿಸುವುದು ಗೇಜಿನ ಕೆಲಸ. ಕರ್ನಾಟಕದಲ್ಲಿ ಹಳೆಯ ಕಾರು ಟ್ಯೂನ್ ಮಾಡುವವರು ಲ್ಯಾಮ್ಡಾ 1ನ್ನು 1 ಎಂದೇ ನೋಡಿದರೆ ಎಥನಾಲ್ ಎಷ್ಟಿದೆ ಎಂಬ ಗೊಂದಲವೇ ಬರುವುದಿಲ್ಲ. ಹಳೆಯ ಇಸಿಯುವಿನ ಮೂಲ ಲೆಕ್ಕ ಬದಲಾಗದೆ ಉಳಿದು ಪೂರ್ತಿ ಥ್ರಾಟಲಿನಲ್ಲಿ ಮಿಶ್ರಣ ತೆಳುವಾಗುವುದು ಬೇರೆ ತೊಂದರೆ. ನನ್ನ ಗುರಿಗಳು: ನಿಧಾನದ ಓಟಕ್ಕೆ 1.0, ಪೂರ್ತಿ ಥ್ರಾಟಲಿಗೆ 0.87ರಿಂದ 0.88.

ಡೈನೊ

ಕಿಡಿಯ ಕೋಷ್ಟಕವನ್ನು ಸಾರ್ವಜನಿಕ ರಸ್ತೆಯಲ್ಲಿ ಟ್ಯೂನ್ ಮಾಡಬಾರದು, ಮಾಡಲಾಗುವುದೂ ಇಲ್ಲ. ಇಂಧನ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಸೆನ್ಸರ್ ಹೇಳುತ್ತದೆ. ಕಿಡಿಗೆ ಅಂಥ ಸಾಕ್ಷಿಯಿಲ್ಲ, ಟಾರ್ಕ್ ಅಳೆದೇ ತಿಳಿಯಬೇಕು. ಬ್ರೇಕ್ ಹಾಕಿ ಚಕ್ರವನ್ನು ಒಂದೇ ವೇಗದಲ್ಲಿ ಹಿಡಿದಿಡಬಲ್ಲ ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಬೇಕು, ಬರೀ ಡ್ರಮ್ ತಿರುಗಿಸುವುದು ಸಾಲದು.

ಒಂದು ಮನೆಯಲ್ಲಿ ಎಂಜಿನ್ನನ್ನು ನಿಲ್ಲಿಸಿ ಕಿಡಿಯನ್ನು ಎರಡೆರಡು ಡಿಗ್ರಿ ಮುಂದಕ್ಕೆ ತರುತ್ತೇವೆ. ಟಾರ್ಕ್ ಏರುತ್ತದೆ, ಆಮೇಲೆ ಏರುವುದು ನಿಲ್ಲುತ್ತದೆ. ಅಲ್ಲಿಂದ ಎರಡು ಡಿಗ್ರಿ ಹಿಂದೆ ಬಂದು ಬರೆದುಕೊಳ್ಳುತ್ತೇವೆ. ಟಾರ್ಕ್ ಏರುವುದು ನಿಲ್ಲುವ ಮೊದಲೇ ನಾಕ್, ಎಂದರೆ ಮಿಶ್ರಣ ತಾನಾಗಿ ಸಿಡಿಯುವುದು, ಶುರುವಾದರೆ ಅದೇ ಮಿತಿ. ನಾಕ್ ಕೇಳಲು ಚಪ್ಪಟೆ ಮಾಡಿದ ತಾಮ್ರದ ಕೊಳವೆಯೊಂದನ್ನು ಬ್ಲಾಕಿಗೆ ಬಿಗಿದು ರಬ್ಬರ್ ನಾಳದ ಮೂಲಕ ಕಿವಿಮುಚ್ಚುಗಳಿಗೆ ಸೇರಿಸಿದ್ದೆ. 78 ಮಿಲಿಮೀಟರ್ ವ್ಯಾಸದ ಸಿಲಿಂಡರಿಗೆ ನಾಕ್ ಸದ್ದು ಸುಮಾರು 7.3 ಕಿಲೋಹರ್ಟ್ಸ್‌ನಲ್ಲಿ ಬರಬೇಕು. ಒಮ್ಮೆ ಕೇಳಿದ ಮೇಲೆ ಆ ಚಟಚಟ ಬೇರೆ ಯಾವ ಸದ್ದಿನೊಂದಿಗೂ ಬೆರೆಯುವುದಿಲ್ಲ.

ಪೂರ್ತಿ ಥ್ರಾಟಲಿನಲ್ಲಿ 3000ಕ್ಕೆ 24 ಡಿಗ್ರಿ, 5000 ದಾಟಿದ ಮೇಲೆ 30ರ ಆಸುಪಾಸು ಸಿಕ್ಕಿತು. ಬಳಸಿದ್ದು 93 ಆಕ್ಟೇನ್. ಇದನ್ನು ಭಾರತದ ಬಂಕಿನ ಅಂಕಿಯೊಂದಿಗೆ ನೇರವಾಗಿ ಹೋಲಿಸಬೇಡಿ. ಅಮೆರಿಕದ ಬಂಕಿನ ಅಂಕಿ ಆರ್‌ಒಎನ್ ಮತ್ತು ಎಂಒಎನ್ ಎಂಬ ಎರಡು ಅಳತೆಗಳ ಸರಾಸರಿ, ಭಾರತದ್ದು ಬರೀ ಆರ್‌ಒಎನ್. ಇಲ್ಲಿನ 93 ಅಲ್ಲಿನ 98ರ ಹತ್ತಿರದ್ದು. ನನ್ನ ಕೋಷ್ಟಕವನ್ನು ಹಾಗೇ ನಕಲಿಸಿ ಸಾಧಾರಣ ಪೆಟ್ರೋಲಿನಲ್ಲಿ ಓಡಿಸಿದರೆ ಪಿಸ್ಟನ್ ಉಳಿಯುತ್ತದೆಂಬ ಭರವಸೆ ನಾನು ಕೊಡಲಾರೆ.

ಗರಿಷ್ಠ ಶಕ್ತಿ ಹೆಚ್ಚಿದ್ದು ಹೇಳಿಕೊಳ್ಳುವಷ್ಟೇನಲ್ಲ. ಟರ್ಬೊ ಇಲ್ಲದ ಎಂಜಿನ್ನಿಗೆ ಬರೀ ಇಸಿಯು ಬದಲಿಸಿ ಇಪ್ಪತ್ತು ಅಶ್ವಶಕ್ತಿ ಗಳಿಸಿದೆವೆನ್ನುವವರ ಮಾತನ್ನು ನಾನು ನಂಬುವುದಿಲ್ಲ. 2500ರಿಂದ 4500ರವರೆಗಿನ ಪಿಕಪ್ ಮಾತ್ರ ಬೇರೆಯೇ ಕಾರಿನದು. ಉಸಿರು ಹಿಡಿಯುವ ಕಾಯಿಲೆಯ ಗುರುತೂ ಉಳಿದಿಲ್ಲ.

ಬಿಸಿಲಿನಲ್ಲಿ ನಿಂತ ಕಾರು

ಚಳಿಯ ಸ್ಟಾರ್ಟ್ ಹೆಚ್ಚು ಕಾಡಲಿಲ್ಲ. ಏಪ್ರಿಲ್‌ನ ಮುಂಜಾವಿನಲ್ಲಿ 3 ಡಿಗ್ರಿ ಇದ್ದಾಗ ಮಾಮೂಲಿನ ಒಂದೂವರೆ ಪಟ್ಟು ಇಂಧನ, ಎಂಜಿನ್ ಬಿಸಿಯಾದಂತೆ ಇಳಿಯುತ್ತ 70 ಡಿಗ್ರಿಗೆ ಮಾಮೂಲು. ಕಾಡಿದ್ದು ಸೆಖೆ. ಕ್ಲಾರ್ಕ್‌ಸ್ಟನ್‌ನ ವಾಟರ್‌ಫರ್ಡ್ ಹಿಲ್ಸ್ ಟ್ರ್ಯಾಕಿನಲ್ಲಿ ಒಂದು ಸುತ್ತಿನ ಓಟ ಮುಗಿಸಿ ಕಾರು ಅರ್ಧ ಗಂಟೆ ಬಿಸಿಲಿನಲ್ಲಿ ನಿಂತಿತ್ತು. ಮತ್ತೆ ಸ್ಟಾರ್ಟ್ ಮಾಡಿದರೆ ಐಡಲಿಂಗ್ ತಡವರಿಸುತ್ತಿತ್ತು, ಗೇಜು ತೆಳು ಮಿಶ್ರಣ ತೋರಿಸುತ್ತಿತ್ತು, ಎರಡು ಮೂರು ನಿಮಿಷ ಓಡಿದ ಮೇಲೆ ತಾನಾಗಿ ಸರಿಹೋಗುತ್ತಿತ್ತು.

ಸೆನ್ಸರುಗಳ ಅಂಕಿಗಳನ್ನು ದಾಖಲಿಸಿದ ಲಾಗ್ ತೆರೆದಾಗ ಕಾರಣ ಅಲ್ಲೇ ಬರೆದಿತ್ತು. ಹೊರಗೆ 25 ಡಿಗ್ರಿ, ಗಾಳಿಯ ಸೆನ್ಸರ್ ಹೇಳುತ್ತಿದ್ದುದು 60. ರೇಡಿಯೇಟರಿನ ಹಿಂದಿನ ಲೋಹದ ಕೊಳವೆಯಲ್ಲಿದ್ದ ಸೆನ್ಸರ್ ಗಾಳಿಯನ್ನು ಬಿಟ್ಟು ಕೊಳವೆಯ ಬಿಸಿಯನ್ನು ಅಳೆಯುತ್ತಿತ್ತು. ಬಿಸಿ ಗಾಳಿ ಹಗುರ, ಹಾಗಾಗಿ ಇಸಿಯು ಇಂಧನ ಕಡಿತಗೊಳಿಸುತ್ತದೆ. ಎಷ್ಟು? ಸೆಲ್ಸಿಯಸ್ ಡಿಗ್ರಿಗೆ 273 ಸೇರಿಸಿ ಲೆಕ್ಕ ಹಾಕಿದರೆ 298ನ್ನು 333ರಿಂದ ಭಾಗಿಸಬೇಕು, 0.895 ಬರುತ್ತದೆ. ಶೇ 10ಕ್ಕಿಂತ ತುಸು ಹೆಚ್ಚೇ ಪೆಟ್ರೋಲ್ ಕಡಿಮೆ. ಗೇಜಿನ ತೆಳು ಅಂಕಿಯೂ ಅಷ್ಟೇ ಇತ್ತು.

ಇಂಥ ಹೊತ್ತಿನಲ್ಲಿ ಐಡಲಿಂಗ್‌ನ ವಿಇ ಮನೆಗಳಿಗೆ ಶೇ 10 ಸೇರಿಸಿ ಕೈತೊಳೆದುಕೊಳ್ಳುವುದು ಸುಲಭ. ಆಗ ತಂಪು ಬೆಳಗಿನಲ್ಲಿ ಅದೇ ಮನೆಗಳು ಅಷ್ಟೇ ದಟ್ಟವಾಗುತ್ತವೆ. ನಾನು ಸೆನ್ಸರನ್ನು ಲೋಹದ ಕೊಳವೆಯಿಂದ ಕಿತ್ತು ಫಿಲ್ಟರಿನ ಬಳಿಯ ಪ್ಲಾಸ್ಟಿಕ್ ಕೋಣೆಗೆ ಸ್ಥಳಾಂತರಿಸಿ, ರೇಡಿಯೇಟರಿನ ಬಿಸಿ ತಾಗದಂತೆ ಅಲ್ಯೂಮಿನಿಯಂ ತಗಡಿನ ಮರೆ ಕಟ್ಟಿದೆ. 60 ಇದ್ದದ್ದು 38ಕ್ಕೆ ಇಳಿಯಿತು. ಉಳಿದದ್ದಕ್ಕೆ ತಂತ್ರಾಂಶ ಬೇಕು. ಅಲ್ಲಿಯೂ ಇನ್ನೊಂದು ನಿಜವನ್ನು ಒಪ್ಪಬೇಕು: ಐಡಲಿಂಗ್‌ನಲ್ಲಿ ಗಾಳಿ ನಿಧಾನವಾಗಿ ಸಾಗುವುದರಿಂದ ಮ್ಯಾನಿಫೋಲ್ಡಿನ ಬಿಸಿಯನ್ನು ಅದು ಸ್ವಲ್ಪಮಟ್ಟಿಗೆ ಹೀರಿಯೇ ಹೀರುತ್ತದೆ, ಪೂರ್ತಿ ಥ್ರಾಟಲಿನಲ್ಲಿ ಅದಕ್ಕೆ ಸಮಯವೇ ಇಲ್ಲ. ಗಾಳಿಯ ಹರಿವು ಕಡಿಮೆ ಇದ್ದಾಗ ಶೀತಕದ ಉಷ್ಣತೆಗೂ, ಹೆಚ್ಚಿದ್ದಾಗ ಗಾಳಿಯ ಸೆನ್ಸರಿಗೂ ಹೆಚ್ಚು ಬೆಲೆ ಕೊಟ್ಟು ಬೆರೆಸುವ ಕೋಷ್ಟಕವೊಂದು ಮೆಗಾಸ್ಕ್ವರ್ಟ್‌ನ ಎಕ್ಸ್‌ಟ್ರಾ ಫರ್ಮ್‌ವೇರಿನಲ್ಲಿದೆ. ಅದನ್ನು ತುಂಬಿಸಲು ಕಾರನ್ನು ಬೇಕೆಂದೇ ಬಿಸಿಲಿನಲ್ಲಿ ನಿಲ್ಲಿಸಿ, ಸ್ಟಾರ್ಟ್ ಮಾಡಿ, ಲಾಗ್ ಬರೆದು, ಮತ್ತೆ ನಿಲ್ಲಿಸಬೇಕಾಯಿತು. ಟ್ರ್ಯಾಕಿನ ಶುಲ್ಕ ಕಟ್ಟಿ ನಿಂತ ಕಾರಿನ ಲಾಗ್ ಬರೆಯುವವನನ್ನು ಪಕ್ಕದವರು ವಿಚಿತ್ರವಾಗಿ ನೋಡುವುದು ಸಹಜ.

ಆಕ್ಸಿಲರೇಟರ್ ಬಿಟ್ಟಾಗ ಇಂಧನ ನಿಲ್ಲಿಸುವ ಏರ್ಪಾಡನ್ನು 1800 ಆರ್‌ಪಿಎಂ ಮೇಲೆ ಇಟ್ಟಿದ್ದೇನೆ, 1500ಕ್ಕೆ ಇಂಧನ ಮರಳುತ್ತದೆ. ಮರಳುವಾಗ ಎಳೆತ ಕಾಣದಂತೆ ಕಿಡಿಯನ್ನು ಕ್ಷಣಕಾಲ ಹಿಂದೆಳೆಯುತ್ತದೆ.

ಇನ್ನುಳಿದಿರುವುದು ಕ್ಯಾಮ್ ಕೋನದ ಸೆನ್ಸರ್. ಕ್ರ್ಯಾಂಕ್ ಅರ್ಧ ಸುತ್ತು ತಿರುಗಿದಾಗ ಅದರಿಂದ ಬರುವುದು ಒಂದೇ ಮುಖ್ಯ ಸಂಕೇತ. ನಡುವಿನ 180 ಡಿಗ್ರಿಯನ್ನು ಇಸಿಯು ಊಹೆಯಿಂದ ತುಂಬಿಸಿಕೊಳ್ಳುತ್ತದೆ. ಟೈಮಿಂಗ್ ಬೆಲ್ಟಿನ ಅದಿರಾಟವೂ ಅದಕ್ಕೆ ಸೇರುತ್ತದೆ. 5000 ಆರ್‌ಪಿಎಂನಲ್ಲಿ ಟೈಮಿಂಗ್ ಲೈಟ್ ಹಿಡಿದರೆ ಬಿಳಿ ಗುರುತು ಒಂದೆರಡು ಡಿಗ್ರಿ ನಡುಗುವುದು ಕಾಣುತ್ತದೆ. ಕ್ರ್ಯಾಂಕ್ ಪುಲ್ಲಿಗೆ 36 ಹಲ್ಲುಗಳಲ್ಲಿ ಒಂದನ್ನು ಕಳೆದ ಚಕ್ರ ಬಿಗಿದರೆ ಪ್ರತಿ 10 ಡಿಗ್ರಿಗೊಂದು ಸಂಕೇತ ಸಿಗುತ್ತದೆ. ಪುಲ್ಲಿಯನ್ನು ಲೇತಿಗೆ ಕೊಟ್ಟಿದ್ದೇನೆ, ಸೆನ್ಸರ್ ಹಿಡಿಯುವ ಕಟ್ಟು 6 ಮಿಲಿಮೀಟರ್ ಅಲ್ಯೂಮಿನಿಯಂನಲ್ಲಿ ತಯಾರಾಗಿದೆ. ಅದು ಕೂರುವವರೆಗೆ 5000ದ ಮೇಲಿನ ಮನೆಗಳಲ್ಲಿ ಕಿಡಿಯನ್ನು ಎರಡು ಡಿಗ್ರಿ ಹಿಂದಕ್ಕೆ ಇಟ್ಟಿದ್ದೇನೆ.